ಭೋಂಗಾದಾಗ ಡಗ್ಗಾ ಬರಲ್ಲ, ಬಾಸ್ ಏರಿಸಿದ್ರ ಯೂನಿಟ್ ಹೋಗ್ತದ

ಕಲಬುರಗಿ_ಮೈಕ್‌ಸೆಟ್:
ಶರಣಬಸವೇಶ್ವರ ಜಾತ್ರಿಗೆ ಭಜನಿ ಲೈನ್ ಹಾಕೋದದ. 20 ಇಂಚಿನ ಭೋಂಗಾ (ಹಾರ್ನ್ ಸ್ಪೀಕರ್), ಅದರ ಹಿಂದ ದನಿ ಹುಟ್ಟಿಸೋ 60 ವ್ಯಾಟ್ 16 ಓಮ್ ಯೂನಿಟ್, 100 ವೋಲ್ಟ್ ಲೈನ್ (ದೂರದ ಭೋಂಗಾಕ್ಕ ಹೆಚ್ಚು ವೋಲ್ಟೇಜಿನಾಗ ದನಿ ಒಯ್ಯೋ ತಂತಿ). ದನಿ ಸ್ವಚ್ಛ ಅದ, ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯ ವಾದ್ಯ) ಮಾತ್ರ ಕೇಳಸಲ್ಲ. ಬಾಸ್ ಏರಿಸಿದ್ರ ಕರ್‌ಕರ್ ಅಂತದ, ಆಮ್ಯಾಲ ಡಯಾಫ್ರಂ (ಯೂನಿಟಿನಾಗ ಅಲುಗೋ ಪೊರಿ) ಬಂದ್. 100 ವ್ಯಾಟಿನ ಯೂನಿಟ್ ಹಾಕಿದ್ರ ಬರ್ತದೇನ್ರಿ?

ಬೀದರ್_ಹಾರ್ನ್:
ಬರಲ್ರಿ. ವ್ಯಾಟ್ ಅಂದ್ರ ಕಾಯಿಲ್ ಎಷ್ಟು ಕಾವು ತಡೀತದ ಅಂತ ಅಷ್ಟೇ. ಭೋಂಗಾದ ಬಾಯಿ ಸುತ್ತಳತಿ ಒಂದು ತರಂಗದಷ್ಟಾದ್ರೂ ಇರಬೇಕು. 20 ಇಂಚಿಗೆ ಅದು 1.6 ಮೀಟರ್, ಅಂದ್ರ ಸುಮಾರು 215 ಹರ್ಟ್ಜ್, ಇದೇ ಭೋಂಗಾದ ಕೆಳಗಿನ ಮಿತಿ (ಕಟ್‌ಆಫ್). ಡಗ್ಗಾದ ಗುಂಕಾರ 100ರ ಆಜುಬಾಜು. ಅಲ್ಲಿ ಡಯಾಫ್ರಂ ಮ್ಯಾಲ ಗಾಳಿ ಭಾರ ಬೀಳಲ್ಲ, ಖಾಲಿ ಜೀಕಿ ಮುಂದಿರೋ ಗಟ್ಟಿ ತುಂಡು ಫೇಸ್ ಪ್ಲಗ್‌ಗೆ ಬಡೀತದ. ನಿಮ್ಮ ಕರ್‌ಕರ್ ಅದೇ ಇರಬೇಕು.

ಯೂನಿಟಿನ ರಚನಾ ಲೆಕ್ಕಕ್ಕೆ ಬರೋದು 215ರಿಂದ 400 ಹರ್ಟ್ಜ್ ತನಕ. ಒಂದು ಆಕ್ಟೇವ್ ಇಳಿದ್ರ, ಅಂದ್ರ ಹರ್ಟ್ಜ್ ಅರ್ಧ ಆದ್ರ, ಅಲುಗಾಟ ದುಪ್ಪಟ್ಟು, ಅದಕ್ಕ ಪ್ಲಗ್ ಮುಂದ ಜಾಗ ಬೇಕು, ಅಂಚು ಮೆತ್ತಗಿರಬೇಕು. ಹಿಂದಿನ ಗಾಳಿಗೂಡು ತೀರಾ ಸಣ್ಣದಾದ್ರ ಅನುನಾದ (ಡಯಾಫ್ರಂ ತಾನಾಗೇ ಜೋರಾಗಿ ಅಲುಗೋ ಹರ್ಟ್ಜ್) ಮ್ಯಾಲೇರಿ ಕೆಳಗಿನ ಸ್ವರ ಬೇಗ ಸೋರ್ತದ. ಅಳತಿಗೆ ಸರಿಯಿದ್ರ, ಅದರ ಸ್ಪ್ರಿಂಗ್ ಗುಣ ಭೋಂಗಾದ ಗಂಟಲಾಗಿನ ಗಾಳಿ ತೂಕಾನ ಕಟ್‌ಆಫ್ ಹತ್ರ ರದ್ದು ಮಾಡ್ತದ. ಮುಚ್ಚಳದ ಗ್ಯಾಸ್ಕೆಟ್ ಬಿಟ್ಟಿದ್ರ ಈ ಲೆಕ್ಕ ಕೆಡ್ತದ. ಮೊದಲು ಅದನ್ನ ನೋಡ್ರಿ.

ಯಾದಗಿರಿ_ರಿಪೇರಿ:
ಹೋದ ಡಯಾಫ್ರಂ ಒಗೀಬ್ಯಾಡ್ರಿ, ಬಿಚ್ಚಿ ನೋಡ್ರಿ. ಕಾಯಿಲ್ ಕರ್ರಗಾಗಿದ್ರ ಪವರ್ ಹೆಚ್ಚಾಗ್ಯದ. ತಂತಿ ಹೊಳೀತದ, ಆದ್ರ ಲೀಡ್ ತುಂಡು ಇಲ್ಲಾ ಅಂಚು ಹರಿದದ ಅಂದ್ರ ಬಾಸ್ ಹೊಡೆದದ. ಹೊಸದು ಕೂಡಿಸೋ ಮುಂಚೆ ಮ್ಯಾಗ್ನೆಟ್ ಗ್ಯಾಪಿನಾಗ ಸೆಲ್ಲೋಟೇಪ್ ಆಡಿಸಿ ಕಬ್ಬಿಣದ ಪುಡಿ ತೆಗೀರಿ.

ಆಮ್ಯಾಲ ಪ್ರತಿ ಭೋಂಗಾದ ಲೈನ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ ಸೀರೀಸ್‌ನಾಗ ಸೀಲಿಂಗ್ ಫ್ಯಾನಿನ 3.15 ಮೈಕ್ರೋಫ್ಯಾರಡ್ 440 ವೋಲ್ಟ್ ಕೆಪಾಸಿಟರ್ ಹಾಕ್ರಿ, ಅದು ಬಾಸ್ ತಡೀತದ. 60 ವ್ಯಾಟ್ ಟ್ಯಾಪ್ (ಟ್ರಾನ್ಸ್‌ಫಾರ್ಮರಿನಾಗ ವ್ಯಾಟ್ ಆರಿಸೋ ತುದಿ) ಅಂದ್ರ 167 ಓಮ್, 300 ಹರ್ಟ್ಜ್‌ಗೆ ಸರಿಹೊಂದ್ತದ. 30ರ ಟ್ಯಾಪ್ ಆದ್ರ ಅರ್ಧ ಸಾಕು. ಎಲ್ಲಾ ಭೋಂಗಾಕ್ಕೂ ಸೇರಿ ಒಂದೇ ಹಾಕಿದ್ರ ಲೆಕ್ಕ ತಪ್ತದ.

ಕಲಬುರಗಿ_ಮೈಕ್‌ಸೆಟ್:
ಯೂನಿಟ್ ಕಡೀಗೆ 33 ಮೈಕ್ರೋಫ್ಯಾರಡ್ ಹಾಕಿದ್ರ ನಡೀತದಾ?

ಯಾದಗಿರಿ_ರಿಪೇರಿ:
ನಡೀತದ, ನಾನ್‌ಪೋಲಾರ್ (ಪ್ಲಸ್-ಮೈನಸ್ ಇಲ್ಲದ್ದು) ಇರಬೇಕು. ಆದ್ರ ಆಗ ಟ್ರಾನ್ಸ್‌ಫಾರ್ಮರಿಗೆ ರಕ್ಷಣಾ ಇಲ್ಲ. ಬಾಸಿಗೆ ಅದರ ಕೋರ್ ತುಂಬಿ ಆಂಪ್ಲಿಫಯರ್ ಮ್ಯಾಲ ಭಾರ ಬೀಳ್ತದ.

ಬೀದರ್_ಹಾರ್ನ್:
ಅನುನಾದದ ಹತ್ರ ಯೂನಿಟ್ 16 ಓಮ್ ಉಳಿಯಲ್ಲ, ಬಾಳ ಏರ್ತದ. ಅಲ್ಲೇ ಕೆಪಾಸಿಟರ್ ಸೋಲ್ತದ. ಮಿಕ್ಸರಿನಾಗ ಲೋ ಕಟ್ (ಬಾಸ್ ಕತ್ತರಿಸೋ ಬಟನ್) ಇದ್ರ ಅದನ್ನೂ ಒತ್ರಿ. ಡಗ್ಗಾ ಬೇಕಂದ್ರ ಮಂಟಪದ ಹತ್ರ 15 ಇಂಚಿನ ಬಾಸ್ ಡಬ್ಬಿ ಬ್ಯಾರೆ ಆಂಪ್ಲಿಫಯರ್ ಮ್ಯಾಲ ಇಡ್ರಿ. ಕಂಬದ ಭೋಂಗಾಕ್ಕ ದನಿ ಅಷ್ಟೇ ಬಿಡ್ರಿ.