ಒಂದೇ ಮಾತ್ರೆಯಲ್ಲಿ ಎರಡು ಔಷಧ ಯಾಕೆ?

ಪ್ರಶ್ನೆ: ಮೇಡಂ, ಸೈನಸ್ ಇನ್ಫೆಕ್ಷನ್‌ಗೆ 625ರ ಮಾತ್ರೆ ಬರೆದುಕೊಟ್ಟಿದ್ದಾರೆ. ಸ್ಟ್ರಿಪ್ ಮೇಲೆ ಅಮಾಕ್ಸಿಸಿಲಿನ್ 500 ಮಿ.ಗ್ರಾಂ., ಕ್ಲಾವುಲಾನಿಕ್ ಆಸಿಡ್ 125 ಮಿ.ಗ್ರಾಂ. ಅಂತ ಇದೆ. ಎರಡೆರಡು ಆ್ಯಂಟಿಬಯೋಟಿಕ್ ಯಾಕೆ? ನನ್ನ ಮೈ ಔಷಧಕ್ಕೆ ಒಗ್ಗಿಹೋಗಿದೆಯಾ?

ಉತ್ತರ: ನಿಮ್ಮ ಮೈ ಒಗ್ಗುವುದಿಲ್ಲ, ಒಗ್ಗುವುದು ಬ್ಯಾಕ್ಟೀರಿಯಾ. ಕೊಲ್ಲುವ ಕೆಲಸ ಅಮಾಕ್ಸಿಸಿಲಿನ್‌ದು. ಕ್ಲಾವುಲಾನಿಕ್ ಆಸಿಡ್ ಅದರ ಕಾವಲಿಗೆ ಬಂದದ್ದು, ತಾನೊಂದೇ ಹೋದರೆ ಹೆಚ್ಚೇನೂ ಮಾಡುವುದಿಲ್ಲ.

ಪೆನಿಸಿಲಿನ್ ಜಾತಿಯ ಔಷಧಗಳಲ್ಲಿ ನಾಲ್ಕು ಪರಮಾಣುಗಳ ಪುಟ್ಟ ಉಂಗುರ ಇರುತ್ತದೆ, ಬೀಟಾ-ಲ್ಯಾಕ್ಟಮ್ ಅಂತ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳದ ಹಾಗೆ ಮಾಡುವುದು ಈ ಉಂಗುರವೇ. ಕೆಲವು ಬ್ಯಾಕ್ಟೀರಿಯಾ ತಯಾರಿಸುವ ಬೀಟಾ-ಲ್ಯಾಕ್ಟಮೇಸ್ ಅನ್ನುವ ಕಿಣ್ವ ನೀರಿನ ಅಣು ಸೇರಿಸಿ ಉಂಗುರವನ್ನು ಬಿಚ್ಚಿಬಿಡುತ್ತದೆ, ಔಷಧ ಅಲ್ಲಿಗೆ ಮುಗಿಯಿತು. ಕ್ಲಾವುಲಾನಿಕ್ ಆಸಿಡ್‌ನಲ್ಲೂ ಅಂಥದ್ದೇ ಉಂಗುರ ಇರುವುದರಿಂದ ಕಿಣ್ವ ಅದಕ್ಕೂ ಬಾಯಿ ಹಾಕುತ್ತದೆ, ಆದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ನೋಡಿಕೊಳ್ಳುತ್ತದೆ.

ಲ್ಯಾಬ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಯಲ್ಲಿ ಕ್ಲಾವುಲಾನಿಕ್ ಆಸಿಡ್ ಇರುವ ಬಿಲ್ಲೆ, ಪಕ್ಕದಲ್ಲಿ ಸೆಫ್ಟಾಜಿಡೈಮ್ (ಇದೇ ಉಂಗುರ ಇರುವ ಇನ್ನೊಂದು ಆ್ಯಂಟಿಬಯೋಟಿಕ್) ಬಿಲ್ಲೆ ಇಟ್ಟು ರಾತ್ರಿಯಿಡೀ ಬೆಚ್ಚಗೆ ಬಿಡುತ್ತೇವೆ. ಬೆಳಿಗ್ಗೆ ನೋಡಿದರೆ ತಟ್ಟೆಯೆಲ್ಲಾ ಮಬ್ಬು, ಸೆಫ್ಟಾಜಿಡೈಮ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಮಾತ್ರ ಇನ್ನೊಂದು ಬಿಲ್ಲೆಯ ಕಡೆಗೆ ಉಬ್ಬಿಕೊಂಡಿರುತ್ತದೆ, ಆ ಕಡೆ ಕ್ಲಾವುಲಾನಿಕ್ ಆಸಿಡ್ ಕಿಣ್ವವನ್ನು ಹಿಡಿದಿಟ್ಟಿರುತ್ತದಲ್ಲ. ಆಗ ರಿಪೋರ್ಟ್‌ನಲ್ಲಿ ಇಎಸ್‌ಬಿಎಲ್ ಅಂತ, ಅಂದರೆ ಹೆಚ್ಚು ಬಗೆಯ ಔಷಧ ಮುರಿಯಬಲ್ಲ ಬೀಟಾ-ಲ್ಯಾಕ್ಟಮೇಸ್ ಇದೆ ಅಂತ, ಬರೆಯುತ್ತೇವೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ!

ಪ್ರಶ್ನೆ: ಅಮಾಕ್ಸಿಸಿಲಿನ್ನೇ ಜಾಸ್ತಿ ತಗೊಂಡರೆ ಆಗಲ್ವಾ?

ಉತ್ತರ: ಆಗಲ್ಲ. ಇಂಥ ಒಂದೇ ಒಂದು ಕಿಣ್ವದ ಅಣು ಸೆಕೆಂಡಿಗೆ ನೂರಾರು ಪೆನಿಸಿಲಿನ್ ಅಣುಗಳನ್ನು ಮುರಿಯಬಲ್ಲದು, ಮುರಿದ ಮೇಲೂ ತಾನು ಹಾಗೇ ಉಳಿಯುತ್ತದೆ. ಡೋಸ್ ನೀವೇ ಏರಿಸಬೇಡಿ, ಹೊಟ್ಟೆ ಕೆಡುವುದೇ ಬಂತು.

ಪ್ರಶ್ನೆ: ಇದೆಲ್ಲಾ ನಾವು ಕಂಡಕಂಡದ್ದಕ್ಕೆ ಮಾತ್ರೆ ನುಂಗಿದ್ದರಿಂದ ಹುಟ್ಟಿದ್ದು ಅಲ್ವಾ?

ಉತ್ತರ: ಹರಡಿದ್ದು ಹೌದು, ಹುಟ್ಟಿದ್ದು ಅಲ್ಲ. ಪೆನಿಸಿಲಿನ್ ರೋಗಿಗಳಿಗೆ ಬಳಕೆಗೆ ಬರುವ ಮುಂಚೆಯೇ, 1940ರಲ್ಲಿ, ಆಕ್ಸ್‌ಫರ್ಡ್‌ನ ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ ಇಂಥ ಕಿಣ್ವದ ಬಗ್ಗೆ ಬರೆದಿದ್ದರು. ಮಣ್ಣಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳ ಜಗಳ ತೀರಾ ಹಳೆಯದು. ನಾವು ಔಷಧ ಸುರಿದ ಕಡೆಯೆಲ್ಲಾ ಈ ಕಿಣ್ವ ಇದ್ದವು ಮಾತ್ರ ಬದುಕಿದವು, ಮೇಲಾಗಿ ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ತುಣುಕಿನಲ್ಲಿ ಅದರ ಜೀನನ್ನು ಪಕ್ಕದವಕ್ಕೂ ದಾಟಿಸಿದವು.

ಪ್ರಶ್ನೆ: ಅಂದರೆ ಈ ಕಾವಲು ಇದ್ದರೆ ಎಲ್ಲದಕ್ಕೂ ಸಾಕು?

ಉತ್ತರ: ಸಾಲದು. ಬೀಟಾ-ಲ್ಯಾಕ್ಟಮೇಸ್‌ಗಳಲ್ಲೇ ಎನ್‌ಡಿಎಂ ಅನ್ನುವ ಥರದ ಕಿಣ್ವಗಳು ಉಂಗುರ ಬಿಚ್ಚಲು ಸತುವನ್ನು ಬಳಸುತ್ತವೆ. ಕ್ಲಾವುಲಾನಿಕ್ ಆಸಿಡ್‌ಗೆ ಅವು ಸಿಕ್ಕಿಬೀಳುವುದೇ ಇಲ್ಲ. ಎಂಆರ್‌ಎಸ್‌ಎ ಅನ್ನುವ, ಪೆನಿಸಿಲಿನ್ ಜಾತಿಯ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ್ದು ಇನ್ನೊಂದು ಕಥೆ. ಅದು ಔಷಧವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ, ಔಷಧ ಹಿಡಿಯಬೇಕಾದ ಜಾಗವನ್ನೇ ಬದಲಾಯಿಸಿಕೊಂಡಿರುತ್ತದೆ. ಅದಕ್ಕೇ ಕಲ್ಚರ್ ರಿಪೋರ್ಟ್ ಬರಲಿ ಅಂತ ಡಾಕ್ಟರ್ ಕೆಲವು ಸಲ ಕಾಯುವುದು.