ಸಹಾಯ ಬೇಕು: ಬಯೋಗ್ಯಾಸ್ ಜನರೇಟರಿನ ಫಿಲ್ಟರಿನಲ್ಲಿ ಕಪ್ಪಾದ ಕಬ್ಬಿಣದ ಚೂರನ್ನು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದಲ್ಲಿ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ತ್ಯಾಜ್ಯ ನೀರು ಮತ್ತು ಸಗಣಿಯಿಂದ ಬಯೋಗ್ಯಾಸ್ ತಯಾರಿಸಿ, ಅದರಿಂದ ಜನರೇಟರ್ ಓಡಿಸಿ ವಿದ್ಯುತ್ ಪಡೆಯುತ್ತಿದ್ದೇವೆ. ಆ ನೀರು ತೆರೆದ ಹೊಂಡದಲ್ಲಿ ಕೊಳೆತರೆ ಬಯೋಗ್ಯಾಸ್‌ನ ಮುಖ್ಯ ಅನಿಲವಾದ ಮೀಥೇನ್ ನೇರವಾಗಿ ಗಾಳಿ ಸೇರುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವುದರಿಂದ, ಉರಿಸಿ ಬಳಸುವುದೇ ಸರಿ ಎಂದು ಬಲವಾಗಿ ನಂಬಿದ್ದೇನೆ.

ತೊಂದರೆ ಇರುವುದು ಬಯೋಗ್ಯಾಸ್‌ನಲ್ಲಿ ಬೆರೆತಿರುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್‌ನಿಂದ. ಹಾಗೆಯೇ ಉರಿಸಿದರೆ ಅದು ಸಲ್ಫರ್ ಡೈಆಕ್ಸೈಡ್ ಆಗಿ ಹೊಗೆಯಲ್ಲಿ ಹೊರಬೀಳುತ್ತದೆ, ಎಂಜಿನ್ನಿನ ತಾಮ್ರ, ಹಿತ್ತಾಳೆಯ ಭಾಗಗಳನ್ನೂ ತಿನ್ನುತ್ತದೆ. ಜನರೇಟರ್ ಕೊಟ್ಟವರನ್ನು ಕೇಳಿದರೆ ಆಯಿಲ್ ಬೇಗ ಬದಲಾಯಿಸಿ ಎಂದಷ್ಟೇ ಹೇಳಿದರು. ಆದ್ದರಿಂದ ಗ್ಯಾಸ್ ಪೈಪಿಗೆ ಡ್ರಮ್ ಜೋಡಿಸಿ, ಲೇತ್ ವರ್ಕ್‌ಶಾಪಿನಿಂದ ತಂದ ಕಬ್ಬಿಣದ ಚೂರಿಗೆ ತುಕ್ಕು ಹಿಡಿಸಿ ತುಂಬಿದೆ; ತುಕ್ಕು ಹೈಡ್ರೋಜನ್ ಸಲ್ಫೈಡನ್ನು ಹಿಡಿದು ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕೆಲವು ವಾರ ಕೊಳೆತ ಮೊಟ್ಟೆಯ ವಾಸನೆ ಇರಲಿಲ್ಲ. ಈಗ ಮತ್ತೆ ಬರುತ್ತಿದೆ. ಮುಚ್ಚಳ ತೆಗೆದು ನೋಡಿದರೆ ಕೆಂಪಗಿದ್ದ ಚೂರೆಲ್ಲ ಇದ್ದಿಲಿನಂತೆ ಕಪ್ಪಾಗಿದೆ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ಕಪ್ಪಾದ ಕಬ್ಬಿಣದ ಸಲ್ಫೈಡ್ ಗಾಳಿ ತಾಗಿದರೆ ಮತ್ತೆ ತುಕ್ಕಾಗಿ ಬಳಕೆಗೆ ಬರುತ್ತದೆ, ಆದರೆ ಆಗ ಶಾಖ ಹುಟ್ಟಿ ಬೆಂಕಿಯೂ ಹೊತ್ತಿಕೊಳ್ಳಬಹುದು. ಫೆಬ್ರವರಿಯ ಒಣ ತರಗೆಲೆಯ ನಡುವೆ ಅದನ್ನು ಕಣದಲ್ಲಿ ಹರಡಲು ಧೈರ್ಯ ಬರುತ್ತಿಲ್ಲ; ಹಳ್ಳಕ್ಕೆ ಸುರಿಯುವ ಮಾತೇ ಇಲ್ಲ, ಆ ನೀರನ್ನು ಕೆಳಗಿನವರು ಬಳಸುತ್ತಾರೆ.

ಇಂಥ ಚೂರನ್ನು ಮರುಬಳಕೆ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ: ನೀರು ಚಿಮುಕಿಸುತ್ತ ಎಷ್ಟು ತೆಳುವಾಗಿ ಹರಡಬೇಕು, ಎಷ್ಟು ಸಲ ಬಳಸಬಹುದು, ಕೊನೆಗೆ ಎಲ್ಲಿ ವಿಲೇವಾರಿ ಮಾಡಬೇಕು?