ದುಡ್ಡು ಕೊಟ್ಟು ಸಾಯಿಸೋ ಸೊಪ್ಪು

ನಮ್ಮ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರೇ ಹೆಸರು. ಕೋಲಾರ, ಬಾದಾಮಿ, ಮೂಡಿಗೆರೆ, ಮತ್ತೆ ನಾನು ಮಂಡ್ಯ. ನ್ಯೂಜೆರ್ಸಿಯಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಚಳಿ ಬಿಟ್ಟ ಮೇಲೆ ಶನಿವಾರದ ಹರಟೆ ಬಾದಾಮಿಯ ಹಿತ್ತಲಿಗೆ ಬರುತ್ತದೆ. ಅವನ ಉಪಚಾರ ದೊಡ್ಡದು ಅಂತಲ್ಲ. ಕೋಲಾರನ ಲಾನ್ ಮೇಲೆ ಕಾಲಿಡೋ ಹಾಗಿಲ್ಲ, ಅಷ್ಟೇ.

ಕೋಲಾರ ತನ್ನ ಹುಲ್ಲನ್ನು ಒಂದು ಕಂಪನಿಗೆ ಒಪ್ಪಿಸಿದ್ದಾನೆ. ಅವರು ಬಂದು ಔಷಧಿ ಹೊಡೆದು, ಅಂಚಿಗೆ ಪುಟ್ಟ ಬಾವುಟ ನೆಟ್ಟು ಹೋಗುತ್ತಾರೆ. ಮಕ್ಕಳು, ನಾಯಿ ಒಳಗೆ ಬರಬೇಡಿ ಅಂತ. ಬಾದಾಮಿಗೆ ಕಂಪನಿಯೂ ಇಲ್ಲ, ಹುಲ್ಲು ಕತ್ತರಿಸುವ ಉಮೇದೂ ಇಲ್ಲ. ಹಾಗಾಗಿ ಅವನ ಹಿತ್ತಲಲ್ಲಿ ಹುಲ್ಲಿಗಿಂತ ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಗಿಡ ಜಾಸ್ತಿ. ಎಲ್ಲೆಲ್ಲೂ ಹಳದಿ.

"ನಿನ್ನ ಬೀಜ ಹಾರಿ ಬಂದು ನನ್ನ ಅಂಗಳದಲ್ಲಿ ಹುಟ್ಟುತ್ತೆ ಕಣೋ," ಅಂದ ಕೋಲಾರ. "ಒಂದು ಹೂವಿಗೆ ನೂರೈವತ್ತು ಬೀಜ. ಅದೂ ಬಹುಪಾಲು ಗಿಡಗಳಿಗೆ ಪರಾಗಸ್ಪರ್ಶನೇ ಬೇಕಾಗಿಲ್ಲವಂತೆ. ತನಗೆ ತಾನೇ ಬೀಜ ಕಟ್ಟುತ್ತೆ."

"ಗಂಡಿನ ಹಂಗಿಲ್ಲ ಅನ್ನು," ಅಂದ ಬಾದಾಮಿ. "ನಂದು ಆರ್ಗ್ಯಾನಿಕ್ ಅಂಗಳ ಐತಿ. ಸುಮ್ನೆ ಕುಂತಿದ್ದಕ್ಕ ಸಿಕ್ಕ ಸರ್ಟಿಫಿಕೇಟು."

ಮಾತು ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಈ ಸಲ ಕೋಲಾರನ ಅಮ್ಮ ಬಂದಿದ್ದಾರೆ, ಸೊಸೆಯ ಬಾಣಂತನಕ್ಕೆ. ಅವರು ಕುರ್ಚಿ ಬಿಟ್ಟು, ಹಿತ್ತಲ ಮಧ್ಯೆ ಕುಕ್ಕರಗಾಲಲ್ಲಿ ಕೂತು, ಒಂದು ಎಲೆ ಚಿವುಟಿದರು. ಬಿಳಿ ಹಾಲು ಬಂತು. ಬೆರಳಿಂದ ಬೆರಳಿಗೆ ಉಜ್ಜಿ ನೋಡಿದರು. ಅಂಟು.

"ಇದನ್ನ ತಿಂತಾರಾ ಮಗಾ?"

"ತಿಂತಾರ್ರೀ ಅಮ್ಮಾರ," ಅಂತ ಬಾದಾಮಿ ಎದ್ದು ನಿಂತ. ಊಟದ ಮಾತು ಬಂದರೆ ಮಾತ್ರ ಅವನು ಎದ್ದು ನಿಲ್ಲೋದು. "ನಮ್ಮ ಕಡೆ ಹತ್ತರಕಿ ಅಂತ ಬರತೈತಿ. ಹಿಂಗೇ ಹಳದಿ ಹೂ, ಹಿಂಗೇ ಹಾಲು. ತೊಳದು ಹಸೀದ ರೊಟ್ಟಿ ಜೋಡಿ ತಿನ್ನೂದು. ಮ್ಯಾಲೆ ಶೇಂಗಾ ಚಟ್ನಿ, ಮೊಸರು. ಬೇಯಿಸೋ ಕೆಲಸಾನ ಇಲ್ಲ."

"ಬೇಯಿಸೋ ಕೆಲಸ ಇಲ್ಲ ಅಂತಲೇ ನಿನಗೆ ಇಷ್ಟ," ಅಂದ ಮೂಡಿಗೆರೆ.

ಹತ್ತರಕಿಯೂ ಡ್ಯಾಂಡೆಲಿಯನ್ನೂ ಒಂದೇ ಗಿಡವಲ್ಲ. ಆದರೆ ಎರಡೂ ಸೂರ್ಯಕಾಂತಿಯ ಕುಟುಂಬದವು, ಅದರಲ್ಲೂ ಹತ್ತಿರದ ದಾಯಾದಿಗಳು. ಇಷ್ಟು ಹೇಳಿ ನಾನು ಸುಮ್ಮನಾಗಬೇಕಿತ್ತು. ಗೊತ್ತಿರುವವನ ಗತ್ತಿನಲ್ಲಿ ಇನ್ನೊಂದು ಸೇರಿಸಿದೆ: ಕಾಶ್ಮೀರದಲ್ಲಿ ಇದನ್ನೇ ಹಂದ್ ಅಂತ ಕರೆದು, ಬೇಯಿಸಿ ಬಾಣಂತಿಗೆ ಕೊಡುತ್ತಾರೆ ಅಂತ. ಅಮ್ಮನ ಕಿವಿ ನೆಟ್ಟಗಾಯಿತು. ಕೋಲಾರ ನನ್ನನ್ನೇ ದುರುಗುಟ್ಟಿ ನೋಡಿದ.

"ಅಮ್ಮ, ಇಲ್ಲಿ ಇದನ್ನ ಕಳೆ ಅಂತಾರೆ."

"ಅಲ್ಲೂ ಕಳೆ ಅಂತಾನೇ ಅಂತಿದ್ವಿ," ಅಂದರು ಅಮ್ಮ. "ಅಣ್ಣೆ, ಗೋಣಿ, ಕನ್ನೆ, ಹೊನಗೊನ್ನೆ. ಯಾವುದನ್ನ ಬಿತ್ತಿದ್ವಿ? ರಾಗಿ ಹೊಲದಲ್ಲಿ ಕಳೆ ಕೀಳೋಕೆ ಕೂಲಿ ಕೊಡ್ತಿದ್ವಿ. ಕಿತ್ತಿದ್ದು ಸಂಜೆ ಮಡಿಲಲ್ಲಿ ಮನೆಗೆ ಬಂದು ಬೆರಕೆ ಸೊಪ್ಪಿನ ಸಾರಾಗ್ತಿತ್ತು. ನೀನು ಕೂಲಿನೂ ಕೊಟ್ಟು ಸಾರನ್ನೂ ಸಾಯಿಸ್ತೀಯಲ್ಲೋ!"

ಬಾದಾಮಿ ಚಪ್ಪಾಳೆ ತಟ್ಟಿದ. ಕೋಲಾರ ವಿಜ್ಞಾನಕ್ಕೆ ಮೊರೆಹೋದ. ತನ್ನ ಲಾನಿಗೆ ಹೊಡೆಯೋದು 2,4-ಡಿ, 1940ರ ದಶಕದಿಂದ ಇರೋ ಔಷಧಿ, ಅಗಲ ಎಲೆಯ ಗಿಡಗಳನ್ನು ಮಾತ್ರ ಸಾಯಿಸುತ್ತದೆ, ಹುಲ್ಲನ್ನು ಮುಟ್ಟೋದಿಲ್ಲ ಅಂತೆಲ್ಲ ವಿವರಿಸಿದ. ಅಮ್ಮ ಪೂರ್ತಿ ಕೇಳಿದರು.

"ಅಂದ್ರೆ ತಿನ್ನೋದನ್ನ ಸಾಯಿಸಿ, ದನಕ್ಕೆ ಹಾಕೋದನ್ನ ಉಳಿಸ್ತಾರೆ. ದನ ಎಲ್ಲಿದೆ?"

ದನ ಇರಲಿಲ್ಲ.

ನಾನು ಬೆಂಕಿಗೆ ಇನ್ನಷ್ಟು ತುಪ್ಪ ಸುರಿದೆ. ಇದೇ ನ್ಯೂಜೆರ್ಸಿಯ ದಕ್ಷಿಣಕ್ಕೆ ವೈನ್‌ಲ್ಯಾಂಡ್ ಅಂತ ಊರಿದೆ. ಅದು ತನ್ನನ್ನು ತಾನೇ ಜಗತ್ತಿನ ಡ್ಯಾಂಡೆಲಿಯನ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಇಟಲಿ ಮೂಲದ ರೈತರು ಅಲ್ಲಿ ಇದನ್ನು ಸಾಲು ಹಿಡಿದು ಬೆಳೆದು ಮಾರುಕಟ್ಟೆಗೆ ಕಳಿಸಿದವರು.

"ಬೆಳೀತಾರಾ?" ಕೋಲಾರನಿಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ಆ ಹೊಲದಲ್ಲಿ ಕಳೆ ಅಂತ ಏನನ್ನ ಕೀಳ್ತಾರೆ?"

"ಹುಲ್ಲು," ಅಂದ ಬಾದಾಮಿ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಚಾಕು, ಪಾತ್ರೆ ತರಿಸಿಕೊಂಡಿದ್ದರು. ಅವರು ಆರಿಸುವ ರೀತಿ ನೋಡಬೇಕು. ಮೊದಲು ಹೂವಿನ ದಂಟು ಕಿತ್ತು ಒಳಗೆ ಟೊಳ್ಳಿದೆಯೇ ಅಂತ ನೋಡಿದರು. ಡ್ಯಾಂಡೆಲಿಯನ್ ಆದರೆ ಟೊಳ್ಳು, ದಂಟಿಗೆ ಎಲೆಯಿಲ್ಲ, ಕವಲಿಲ್ಲ, ತುದಿಗೆ ಒಂದೇ ಹೂ. ಬೇಲಿ ಪಕ್ಕದಲ್ಲಿ ಅದೇ ಥರದ ಇನ್ನೊಂದು ಗಿಡ ಇತ್ತು. ಅದರ ಎಲೆ ಸವರಿ, "ಇದಕ್ಕೆ ಮೈಯೆಲ್ಲ ಕೂದಲು, ದಂಟೂ ಕವಲೊಡೆದಿದೆ, ಇದು ಅದಲ್ಲ," ಅಂತ ಬದಿಗೆ ಎಸೆದರು. ಫೋನಿನಲ್ಲಿ ಹುಡುಕಿದೆ. ನಿಜ, ಅದು ಕ್ಯಾಟ್ಸ್‌ಇಯರ್. ಅದರಿಂದ ಅಪಾಯವೇನಿಲ್ಲ, ಅದನ್ನೂ ತಿನ್ನುತ್ತಾರೆ. ಆದರೂ ಅಮ್ಮ ಅಮೆರಿಕಕ್ಕೆ ಬಂದು ತಿಂಗಳಾಗಿಲ್ಲ, ನಾವು ಬಂದು ಯಾವ ಕಾಲವಾಯಿತು!

ಮೊಗ್ಗು ಬಿಡದ ಗಿಡದ ಎಳೆ ಎಲೆ ಮಾತ್ರ ಪಾತ್ರೆಗೆ ಬಿತ್ತು. ಹೂ ಬಿಟ್ಟ ಮೇಲೆ ಕಹಿ ಜಾಸ್ತಿ. ರಸ್ತೆ ಬದಿಯದು ಬೇಡ, ನಾಯಿ ಓಡಾಡುವ ಕಡೆಯದು ಬೇಡ ಅಂತ ಅವರೇ ಗೆರೆ ಎಳೆದರು. ಕೋಲಾರನ ಬೇಲಿಯಿಂದಲೂ ದೂರ ಇದ್ದರು. ಮಗನಿಗೆ ಅದು ಚುಚ್ಚಿತು.

"ರಕ್ತ ತಿಳಿಮಾಡೋಕೆ ವಾರ್ಫರಿನ್ ತಗೊಳ್ಳೋರು ಹುಷಾರಾಗಿರಬೇಕು," ಅಂದ ಮೂಡಿಗೆರೆ. ಅವನ ಮಾವ ಆ ಮಾತ್ರೆ ತೆಗೆದುಕೊಳ್ಳುತ್ತಾರೆ. ಇದು ತಮಾಷೆಯ ಮಾತಲ್ಲ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 778 ಮೈಕ್ರೋಗ್ರಾಂ ವಿಟಮಿನ್ ಕೆ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 90ರಿಂದ 120. ಆ ಮಾತ್ರೆಯ ಕೆಲಸವನ್ನೇ ಅದು ಕೆಡಿಸಬಹುದು. ಹಾಗಾಗಿ ಮಾವನಿಗೆ ಸೊಪ್ಪಿಲ್ಲ ಅಂತ ತೀರ್ಮಾನವಾಯಿತು. ಬಾಣಂತಿಗೂ ಡಾಕ್ಟರನ್ನು ಕೇಳಿಯೇ ಕೊಡೋದು ಅಂತ ಕೋಲಾರ ಪಟ್ಟು ಹಿಡಿದ, ಅಮ್ಮ ಒಪ್ಪಿದರು. ಉಳಿದವರಿಗೆ ಕ್ಷಮೆಯಿಲ್ಲ.

ಎಲೆಯನ್ನು ಒಂದು ಕುದಿ ಕುದಿಸಿ ನೀರು ಬಸಿದರು, ಕಹಿ ಇಳಿಯಲಿ ಅಂತ. ಆಮೇಲೆ ತೊಗರಿಬೇಳೆ, ಬೆಳ್ಳುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಜೊತೆ ಬೇಯಿಸಿ, ಕಡಗೋಲಲ್ಲಿ ಮಸೆದು, ಒಗ್ಗರಣೆ ಕೊಟ್ಟರು. ಮಸ್ಸೊಪ್ಪು, ಬಿಸಿ ಮುದ್ದೆ. ಕಹಿ ಪೂರ್ತಿ ಹೋಗಿರಲಿಲ್ಲ. ನಾಲಿಗೆಯ ಹಿಂದೆ ಸ್ವಲ್ಪ ಉಳಿದಿತ್ತು, ಮೆಂತ್ಯ ಸೊಪ್ಪಿನ ಕಹಿಗಿಂತ ಒಂದು ಕೈ ಮೇಲೆ. ಬಾದಾಮಿ ಮಾತಾಡದೆ ಎರಡನೇ ಮುದ್ದೆ ಮುರಿದ. ಅವನು ಮಾತಾಡದೆ ಇರೋದು ಅಪರೂಪ.

ಹೂವಿನದು ಇನ್ನೊಂದು ಕಥೆ. ಬಿಸಿಲಿದ್ದಾಗಲೇ ಕೀಳಬೇಕು, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ತೊಟ್ಟು ಪೂರ್ತಿ ತೆಗೆದು, ಕಡಲೆಹಿಟ್ಟಿಗೆ ಓಂಕಾಳು, ಖಾರದಪುಡಿ ಹಾಕಿ ಕಲಸಿ, ಹೂವನ್ನು ತಲೆಕೆಳಗಾಗಿ ಅದ್ದಿ ಎಣ್ಣೆಗೆ ಬಿಟ್ಟರು. ಹೂ ಎಣ್ಣೆಯಲ್ಲಿ ಅರಳಿಕೊಂಡೇ ಬೆಂದಿತು. ಅಮೆರಿಕನ್ನರೂ ಮೈದಾದಲ್ಲಿ ಅದ್ದಿ ಇದನ್ನು ಕರಿಯುತ್ತಾರೆ. ಓಂಕಾಳಿಲ್ಲ ಪಾಪ. ಬಜ್ಜಿ ಖಾಲಿಯಾದ ಮೇಲೆ ಕೋಲಾರ ಮೆಲ್ಲಗೆ ಕೇಳಿದ, "ಇನ್ನೂ ಹೂ ಇದೆಯಾ?"

"ನಿಮ್ಮ ಅಂಗಳದಾಗ ನೋಡು," ಅಂದ ಬಾದಾಮಿ.

ಟೀ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ತಾಳ್ಮೆಯಿಂದ ಇರಬೇಕಿತ್ತು. ಒಣಗಿಸಿದ ಎಲೆಯ ಟೀ ಪ್ಯಾಕೆಟ್ಟು ಮೂಡಿಗೆರೆಯ ಹೆಂಡತಿ ಆರೋಗ್ಯದ ಅಂಗಡಿಯಿಂದ ತಂದದ್ದು ಮನೆಯಲ್ಲಿತ್ತು. ಅವರ ಲಾನಿಗೂ ಔಷಧಿ ಹೊಡೆಯೋದು ಅದೇ ಕಂಪನಿ! ಒಂದೇ ಗಿಡಕ್ಕೆ ಒಂದೇ ಮನೆಯಿಂದ ಎರಡು ಬಿಲ್ಲು. ಎಲೆ ಮೂತ್ರ ಹೆಚ್ಚಿಸುತ್ತದೆ ಅನ್ನುವುದು ಯುರೋಪಿನಲ್ಲಿ ಹಳೇ ನಂಬಿಕೆ. ಮೂಡಿಗೆರೆ ಅದನ್ನು ನಂಬದೆ ಎರಡು ಮಗ್ ಕುಡಿದು ಫಿಲಡೆಲ್ಫಿಯಾಕ್ಕೆ ಕಾರು ಬಿಟ್ಟ. ಇಲ್ಲಿಯ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಕಾರು ನಿಲ್ಲಿಸುವ ತಾಣಗಳಿಗೆ ದೊಡ್ಡವರ ಹೆಸರಿಟ್ಟಿದ್ದಾರೆ. ಮೊದಲು ಮಾಲಿ ಪಿಚರ್, ಆಮೇಲೆ ರಿಚರ್ಡ್ ಸ್ಟಾಕ್‌ಟನ್. ಅಮೆರಿಕದ ಸ್ವಾತಂತ್ರ್ಯ ಹೋರಾಟವನ್ನು ಅವನು ಅವತ್ತು ಓಡೋಡಿಯೇ ಓದಿದ.

ಅದಕ್ಕೇ ಮುಂದಿನ ಶನಿವಾರ ಅಮ್ಮ ಬೇರಿನ ಕಾಫಿ ಅಂದಾಗ ಅವನು ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತ. ಬೇರು ಮೂಲಂಗಿಯ ಬಡ ನೆಂಟನಂತೆ ಸಪೂರ, ಉದ್ದ. ಅರ್ಧಕ್ಕೆ ಮುರಿದರೆ ಉಳಿದ ಚೂರೇ ಮತ್ತೆ ಚಿಗುರುತ್ತದೆ. ಅಮ್ಮ ಅದನ್ನು ತೊಳೆದು, ಸಣ್ಣಗೆ ಹೆಚ್ಚಿ ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಹುರಿದು, ಮಿಕ್ಸಿಗೆ ಹಾಕಿ, ಫಿಲ್ಟರಿಗೇ ತುಂಬಿಬಿಟ್ಟಿದ್ದರು.

"ಎಂಥ ಅಪಚಾರ ಮಾರಾಯ!" ಅಂದ ಮೂಡಿಗೆರೆ. ಅವನ ಮನೆಯವರಿಗೆ ಕಾಫಿ ತೋಟ ಇದೆ. "ಬೇರು ಹುರಿದು ಅದಕ್ಕೆ ಕಾಫಿ ಅನ್ನೋದಾ? ಕೆಫೀನ್ ಒಂದು ಚೂರೂ ಇಲ್ಲ."

"ನಿಮ್ಮೂರಿನ ಪುಡಿಯಲ್ಲಿ ಚಿಕೋರಿ ಇರುತ್ತಲ್ಲ, ಅದೇನು ಹಣ್ಣಾ?" ಅಂದೆ ನಾನು.

ಅವನು ಸುಮ್ಮನಾದ. ಚಿಕೋರಿಯೂ ಬೇರೇ. ಅದೂ ಡ್ಯಾಂಡೆಲಿಯನ್ನಿನ ಸಂಬಂಧಿಯೇ. ಎರಡರ ಬೇರಲ್ಲೂ ಇರೋದು ಇನ್ಯುಲಿನ್ ಅನ್ನೋ ನಾರು, ಹುರಿದಾಗ ಆ ಬಣ್ಣ, ಆ ಸಿಹಿಕಹಿ ಬರೋದರಲ್ಲಿ ಅದರ ಪಾಲು ದೊಡ್ಡದು. ಇಲ್ಲಿಯ ಅಂಗಡಿಯಲ್ಲಿ ಕೆಂಪು ನರದ ಸೊಪ್ಪಿನ ಕಟ್ಟು ಇಟಾಲಿಯನ್ ಡ್ಯಾಂಡೆಲಿಯನ್ ಅನ್ನೋ ಹೆಸರಲ್ಲಿ ಬರುತ್ತದಲ್ಲ, ಅದೂ ನಿಜವಾಗಿ ಚಿಕೋರಿ ಎಲೆಯೇ. ನಮ್ಮ ಅಪ್ಪ ಅಮ್ಮಂದಿರು ಜಾಮ್‌ನಗರದ ಕಡೆಯಿಂದ ಬಂದ ಬೇರಿನ ಪುಡಿಯನ್ನು ಚಿಕ್ಕಮಗಳೂರಿನ ಹೆಸರಲ್ಲಿ ಕುಡಿಯುತ್ತಲೇ ಬಂದಿದ್ದಾರೆ.

"ಎಷ್ಟು ಬೆರೆಸಬೋದು ಅಂತ ಕಾಯಿದೆ ಐತೇನು?" ಬಾದಾಮಿ ಕೇಳಿದ.

"ಇದೆ," ಅಂದ ಮೂಡಿಗೆರೆ, ವಕೀಲನ ಗತ್ತಿನಲ್ಲಿ. "ನಮ್ಮ ದೇಶದ ಲೆಕ್ಕದಲ್ಲಿ ಕಾಫಿ ಕನಿಷ್ಠ 51 ಭಾಗ ಇರಲೇಬೇಕು."

ಅಮ್ಮ ಹಾಲು ಬೆರೆಸಿ, ಸಕ್ಕರೆ ಹಾಕಿ, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕೊಟ್ಟರು. ನೊರೆ ಬಂದಿತ್ತು. ಮೂಡಿಗೆರೆ ಮೂಸಿದ. ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದೆವು.

"ಪರವಾಗಿಲ್ಲ," ಅಂದ ಕೊನೆಗೆ. "ಇದಕ್ಕೆ ಸ್ವಲ್ಪ ಕಾಫಿ ಪುಡಿ ಬೆರೆಸಿದ್ರೆ ಇನ್ನೂ ಚೆನ್ನಾಗಿರುತ್ತೆ, ಅಮ್ಮ."

"ಎಷ್ಟಪ್ಪಾ?"

"ನೂರಕ್ಕೆ ಐವತ್ತೊಂದು."